ಮಲಗಲಾರದವನು ಕೊಂಡ ಜೋಲಿ

ನನ್ನ ತಂಗಿ ಡ್ರೀಮಾಳ ಗಂಡ ವೆರ್ಲಿನ್ ಸ್ಟಾಲರ್ಡ್ ಕೊನೆಯ ಕೆಲವು ವರ್ಷ ಹಾಸಿಗೆಯ ಮೇಲೆ ಮಲಗಲೇ ಇಲ್ಲ. ಕೂತೇ ನಿದ್ದೆ ಮಾಡುತ್ತಿದ್ದ. ಮುಂದಿನ ಕೋಣೆಯಲ್ಲಿ, ಒಲೆಯ ಪಕ್ಕಕ್ಕೆ, ಕಂದು ಬಣ್ಣದ ಒಂದು ಒರಗುಕುರ್ಚಿ ಇತ್ತು. ಅದರ ಕೈಗಳ ಮೇಲಿನ ಬಟ್ಟೆ ಸವೆದು ಹೋಗಿ ಡ್ರೀಮಾ ತೇಪೆ ಹಾಕಿದ್ದಳು, ಆ ತೇಪೆಯೂ ಸವೆದಿತ್ತು. ಚಪ್ಪಟೆಯಾಗಿ ಮಲಗಿದರೆ ಅವನಿಗೆ ಉಸಿರು ಕಟ್ಟುತ್ತಿತ್ತು. ಯಾರೋ ಎದೆಯ ಮೇಲೆ ಚಪ್ಪಡಿ ಏರಿಸಿದ ಹಾಗಾಗುತ್ತದೆ ಅನ್ನುತ್ತಿದ್ದ. ನೀರಿನಲ್ಲಿ ಮುಳುಗಿದವನ ಹಾಗೆ ಕೈ ಬಡಿದು ಎದ್ದು ಕೂರುತ್ತಿದ್ದ.

ನಮ್ಮ ಕಣಿವೆಯಲ್ಲಿ ಇದೇನು ಹೊಸದಲ್ಲ. ಗಣಿಗೆ ಹೋಗಿ ಬಂದ ಗಂಡಸರಿರುವ ಮನೆಗಳಲ್ಲೆಲ್ಲ ಇಂಥದೊಂದು ಕುರ್ಚಿ ಇದ್ದೇ ಇರುತ್ತದೆ. ನಮ್ಮಪ್ಪನ ಕಾಲದಲ್ಲಿ ಧೂಳುರೋಗ ಮುದುಕರಿಗೆ ಬರುತ್ತಿತ್ತು. ಈಗ ಮಕ್ಕಳನ್ನು ಇನ್ನೂ ಶಾಲೆಗೆ ಕಳಿಸುತ್ತಿರುವವರಿಗೂ ಬರುತ್ತಿದೆ. ದಪ್ಪ ಪದರದ ಕಲ್ಲಿದ್ದಲೆಲ್ಲ ಮುಗಿಯಿತು. ಈಗ ಉಳಿದಿರುವ ತೆಳ್ಳನೆಯದನ್ನು ಕೀಳಬೇಕಾದರೆ ಅದರ ಮೇಲೂ ಕೆಳಗೂ ಇರುವ ಬಂಡೆಯನ್ನು ಕೊರೆಯಬೇಕು. ಆ ಬಂಡೆಯ ಧೂಳು ಎದೆಯೊಳಗೆ ಹೋಗಿ ಕೂತರೆ ಮತ್ತೆ ಏಳುವುದಿಲ್ಲ.

ವೆರ್ಲಿನ್‌ನ ಕೆಲಸ ಸೂರಿಗೆ ಬೋಲ್ಟ್ ಹೊಡೆಯುವುದು. ಕಲ್ಲಿದ್ದಲು ಕಿತ್ತ ಜಾಗದಲ್ಲಿ ಮೇಲಿನ ಬಂಡೆ ಕಳಚಿ ಬೀಳದಂತೆ ಉದ್ದುದ್ದದ ಸರಳುಗಳನ್ನು ಕೊರೆದು ಕೂರಿಸಬೇಕು. ಹೊಸ ಜಾಗಕ್ಕೆ ಮೊದಲು ಕಾಲಿಡುವವನು ಅವನೇ. ಅವನು ಸರಿ ಅಂದ ಮೇಲೆಯೇ ಉಳಿದವರು. ಕೊರೆಯುವ ಮುಂಚೆ ಹಾರೆಯಿಂದ ಸೂರನ್ನು ತಟ್ಟಿ ಕೇಳುತ್ತಾರೆ. ಠಣ್ ಎಂದು ಗಂಟೆಯ ಹಾಗೆ ನುಡಿದರೆ ಬಂಡೆ ಗಟ್ಟಿ. ದಬ್ ಎಂದರೆ ಒಳಗೆ ಬಿರುಕು ಬಿಟ್ಟಿದೆ, ಅಲ್ಲಿ ನಿಲ್ಲಬಾರದು. ವೆರ್ಲಿನ್‌ನ ಕಿವಿ ಇದರಲ್ಲಿ ಹೆಸರುವಾಸಿ. ಮನೆ ಹೊಲಸಾಗಿದ್ದರೆ ಅವನಿಗೆ ಚಿಂತೆಯಿಲ್ಲ, ಬೀದಿಯಲ್ಲಿ ಯಾರಾದರೂ ಬೈದರೆ ಚಿಂತೆಯಿಲ್ಲ. ಆದರೆ ಅವನು ಬೋಲ್ಟ್ ಹೊಡೆದ ಸೂರಿನ ಕೆಳಗೆ ಒಬ್ಬ ಗಂಡಸೂ ಸತ್ತಿಲ್ಲ ಅನ್ನುವುದನ್ನು ಮಾತ್ರ ಯಾರೂ ಮರೆಯಕೂಡದು.

ಅವನ ಗೆಳೆಯ ಹಾರ್ಲಿಸ್ ಬಾಗ್ಸ್. ಗಣಿಯೊಳಗೆ ವೆರ್ಲಿನ್ ಹಿಂದೆ ಕಲ್ಲಿದ್ದಲ ಬಂಡಿ ಓಡಿಸುತ್ತಿದ್ದವನು. ಮರದ ಪೀಪಾಯಿಯಂಥ ಮೈ, ಅದಕ್ಕೆ ತಕ್ಕ ಬಾಯಿ. ಅವನಿಗೂ ಅದೇ ರೋಗ, ಅವನ ಮನೆಯಲ್ಲೂ ಅಂಥದೇ ಕುರ್ಚಿ. ಇಬ್ಬರೂ ಆಸ್ಪತ್ರೆಯ ಉಸಿರಾಟದ ತರಗತಿಗೆ ಒಟ್ಟಿಗೆ ಹೋಗುತ್ತಿದ್ದರು. ಅಲ್ಲಿ ಅವರನ್ನು ಯಂತ್ರದ ಓಡುವ ಪಟ್ಟಿಯ ಮೇಲೆ ನಡೆಸಿ, ರಕ್ತದಲ್ಲಿ ಆಮ್ಲಜನಕ ಎಷ್ಟಿದೆಯೆಂದು ನೋಡಲು ಬೆರಳಿಗೆ ಚಿಮಟ ಹಾಕಿ, ತುಟಿ ಚೂಪು ಮಾಡಿ ಊದುವುದು ಹೇಗೆಂದು ಕಲಿಸುತ್ತಿದ್ದರು. ಅವರು ಬರುವವರೆಗೆ ನಾನೂ ಡ್ರೀಮಾಳೂ ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದೆವು. ಬೇಸಿಗೆಯ ಒಂದು ದಿನ ಹಾರ್ಲಿಸ್ ಏದುಸಿರು ಬಿಡುತ್ತಾ ಹೊರಗೆ ಬಂದವನೇ ಗೋಡೆಗೆ ಒರಗಿ ನಿಂತ, ಹಿಂದೆಯೇ ವೆರ್ಲಿನ್ ಬಂದ.

"ವೆರ್ಲಿನ್, ಭಾನುವಾರ ನಾನು ಮಲಗಿದ್ದೆ ಕಣೋ."

"ಯಾರ ಜೊತೆ?"

"ಥೂ ನಿನ್ನ. ಜೋಲೀಲಿ! ನಮ್ಮಣ್ಣನ ಮನೇಲಿ ಮೀನು ಕರಿದಿದ್ರಲ್ಲ, ಅಲ್ಲಿ ಹುಡುಗ್ರು ಎರಡು ಮರಕ್ಕೆ ಕಟ್ಟಿದ್ರು. ತಮಾಷೆಗೆ ಅಂತ ಹತ್ತಿದೆ. ಎದ್ದಾಗ ಮೀನೆಲ್ಲ ಖಾಲಿ."

"ನೀನು ಮೀನು ಬಿಟ್ಟು ಮಲಗಿದ್ಯಾ?"

"ದೇವ್ರಾಣೆ. ತಲೆ ಸ್ವಲ್ಪ ಮೇಲೆ ಇರ್ತದೆ, ಬೆನ್ನು ಸ್ವಲ್ಪ ಮೇಲೆ ಇರ್ತದೆ. ಕೂತ ಹಂಗೂ ಅಲ್ಲ, ಮಲಗಿದ ಹಂಗೂ ಅಲ್ಲ. ಉಸಿರು ತಾನಾಗಿ ಬರ್ತದೆ."

ವೆರ್ಲಿನ್ ನಗಲಿಲ್ಲ. ಡ್ರೀಮಾಳ ಪಕ್ಕದಲ್ಲಿ ಬೆಂಚಿನ ಮೇಲೆ ಕೂತು ಬಹಳ ಹೊತ್ತು ತನ್ನ ಮೊಣಕಾಲನ್ನೇ ನೋಡಿದ.

ದಾರಿಯ ಮಾತು ಎತ್ತಿದವನೂ ಹಾರ್ಲಿಸ್ಸೇ. ದಕ್ಷಿಣದ ಜಾರ್ಜಿಯಾ ರಾಜ್ಯದಿಂದ ಉತ್ತರದ ಮೇನ್‌ವರೆಗೆ ಬೆಟ್ಟಗಳ ಬೆನ್ನಿನ ಮೇಲೆ ಹೋಗುವ ಕಾಲುದಾರಿ ನಮ್ಮಿಂದ ಎರಡು ಕಣಿವೆ ಆಚೆಗಿದೆ. ಊರೂರಿನವರು ಬೆನ್ನಿಗೆ ಚೀಲ ಹೊತ್ತು ಅದನ್ನು ನಡೆಯಲು ಬರುತ್ತಾರೆ. ನಮ್ಮವರು ಹೋಗುವುದಿಲ್ಲ. ದಿನವಿಡೀ ಮೈ ಮುರಿದವರು ರಜೆಯಲ್ಲೂ ಯಾಕೆ ಮುರಿದುಕೊಳ್ಳಬೇಕು?

"ಹುಟ್ಟಿದಾಗಿಂದ ಈ ಬೆಟ್ಟದ ಹೊಟ್ಟೇಲಿ ಹಂದಿ ಥರ ತೆವಳಿದೀವಿ," ಅಂದ ಹಾರ್ಲಿಸ್. "ಒಂದು ಸಲ ಇದರ ನೆತ್ತಿ ಮೇಲೆ ಹೋಗಿ ಮಲಗೋಣ. ಮೈಲಿಗಟ್ಟಲೆ ಬೇಡ. ಗಾಡಿ ಹೋಗೋ ತನಕ ಗಾಡಿ, ಆಮೇಲೆ ಚೂರು ನಡಿಗೆ, ಒಂದು ನಿದ್ದೆ."

"ನಿಮ್ಮಿಬ್ಬರಿಗೂ ಸೇರಿ ಒಂದು ಶ್ವಾಸಕೋಶ ಇಲ್ಲ," ಅಂದಳು ಡ್ರೀಮಾ. "ಹೊತ್ಕೊಂಡು ಬರೋದು ಯಾರು? ನಾನೂ ಅಕ್ಕನೂನಾ?"

"ನನ್ನನ್ನ ಅಲ್ಲೇ ಬಿಡು. ಅವನನ್ನ ಮಾತ್ರ ಹೊತ್ಕೊಂಡು ಬಾ, ಅವನು ಹಗುರ."

ಅವತ್ತು ನರ್ಸಮ್ಮ ವೆರ್ಲಿನ್‌ಗೆ ಬೇರೊಂದು ಮಾತು ಹೇಳಿದ್ದಳು. ಚಳಿಗಾಲ ಕಳೆಯುವುದರೊಳಗೆ ಮೂಗಿಗೆ ಆಮ್ಲಜನಕದ ಕೊಳವೆ ಬರುತ್ತದೆ. ಆಮೇಲೆ ಯಂತ್ರ ಎಷ್ಟು ದೂರವೋ ಅವನೂ ಅಷ್ಟೇ ದೂರ. ಮನೆಗೆ ಹೋಗುವ ದಾರಿಯಲ್ಲಿ, ಡ್ರೀಮಾ ಪೆಟ್ರೋಲ್ ಹಾಕಿಸಲು ಇಳಿದಾಗ, ಅವನು ಹಿಂದಕ್ಕೆ ತಿರುಗಿ ನನಗಂದ: "ಅಕ್ಕಾ, ನನಗೆ ಬೇರೇನೂ ಬೇಡ. ಕೊಳವೆ ಬರೋಕೆ ಮುಂಚೆ ಒಂದು ಸಲ ಮಲಗ್ಬೇಕು. ಹೊರಗೆ, ಗಾಳೀಲಿ. ಕೂರೋದಲ್ಲ. ಮಲಗೋದು."

ಹೀಗೆ ಜೋಲಿಯ ಹುಡುಕಾಟ ಶುರುವಾಯಿತು.

ಮೊದಲನೆಯದನ್ನು ಹೆದ್ದಾರಿಯ ದೊಡ್ಡ ಅಂಗಡಿಯಿಂದ ತಂದ. ಮುಷ್ಟಿಯಷ್ಟು ಚೀಲದಲ್ಲಿ ತುರುಕಿದ್ದ ನೀಲಿ ಬಟ್ಟೆ, ಅಲ್ಲಿದ್ದವುಗಳಲ್ಲೆಲ್ಲ ಅಗ್ಗದ್ದು. ಬಿಚ್ಚಿ ನೋಡಿದರೆ ಕಟ್ಟುವುದಕ್ಕೆ ಪಟ್ಟಿಯೇ ಇಲ್ಲ, ಅದು ಬೇರೆ ಕೊಳ್ಳಬೇಕಂತೆ. ವೆರ್ಲಿನ್ ಕೊಟ್ಟಿಗೆಯಿಂದ ತಂತಿಹಗ್ಗ ತಂದು ಜಗುಲಿಯ ಎರಡು ಕಂಬಗಳಿಗೆ ಕಟ್ಟಿ, ರಾಟೆ ಹಾಕಿ ಎಳೆದು ಬಿಗಿದ. ಸಡಿಲವಾದದ್ದನ್ನು ಅವನ ಕೈ ಸಹಿಸುತ್ತಲೇ ಇರಲಿಲ್ಲ. ಜೋಲಿ ಹಲಗೆಯ ಹಾಗೆ ಸೆಟೆದು ನಿಂತಿತು. ಹತ್ತಿದ, ಮಗುಚಿ ಬಿದ್ದ. ಮತ್ತೆ ಹತ್ತಿದ, ಮತ್ತೆ ಬಿದ್ದ. ಹಾರ್ಲಿಸ್ ಮೆಟ್ಟಿಲ ಮೇಲೆ ಕೂತು ಬೇಯಿಸಿದ ಕಡಲೆಕಾಯಿ ತಿನ್ನುತ್ತಿದ್ದ.

"ಕುದುರೆ ಚೆನ್ನಾಗೈತೆ. ಪಳಗಿಸ್ಬೇಕು ಅಷ್ಟೇ."

"ಬಾಯಿ ಮುಚ್ಕೊಂಡು ಇತ್ಲಾಗೆ ಹಿಡ್ಕೋ."

"ಸಡಿಲ ಬಿಡೋ ಮಾರಾಯ. ಅದು ಸೂರಲ್ಲ."

ಸಡಿಲ ಬಿಟ್ಟ. ಈಗ ಬೀಳಲಿಲ್ಲ, ಆದರೆ ಬಟ್ಟೆ ಗಿಡ್ಡ. ವೆರ್ಲಿನ್ ಆರಡಿ ಆಳು. ಮೈ ನಡುವೆ ಮಡಚಿ, ಗದ್ದ ಎದೆಗೆ ತಾಗಿ, ಮೊಣಕಾಲು ಮುಖದ ಹತ್ತಿರ ಬಂತು. ಮುಗುಳ್ನಗುತ್ತಲೇ ಇದ್ದವನು ಕೆಮ್ಮಲು ಶುರುಮಾಡಿದ. ಆ ಕೆಮ್ಮು ನಿಲ್ಲಲಿಲ್ಲ. ಹಾರ್ಲಿಸ್ ಕಡಲೆಕಾಯಿ ಚೆಲ್ಲಿ ಎದ್ದು ಅವನ ಕಂಕುಳಿಗೆ ಕೈ ಹಾಕಿ ಎತ್ತಿದ. ಡ್ರೀಮಾ ಬಂದು ನೋಡಿ ಕತ್ತರಿಯಲ್ಲೇ ಹಗ್ಗ ಕತ್ತರಿಸಲು ಹೋದಳು. ತಂತಿಗೆ ಕತ್ತರಿಯ ಬಾಯಿ ಮುರಿಯಿತು.

ಮಾರನೆಯ ದಿನ ಅವಳೇ ಅದನ್ನು ಮಡಚಿ ಅಂಗಡಿಗೆ ವಾಪಸ್ಸು ಕೊಟ್ಟು ಬಂದಳು. ಇನ್ನು ಈ ಮಾತು ಮುಗಿಯಿತು ಅಂದುಕೊಂಡೆ. ಮುಗಿಯಲಿಲ್ಲ. ವೆರ್ಲಿನ್ ವಾದ ಮಾಡುವವನಲ್ಲ, ಆದರೆ ಕುರ್ಚಿಯಲ್ಲಿ ಕೂತಾಗಲೆಲ್ಲ ಕಿಟಕಿಯಾಚೆ ಬೆಟ್ಟದ ಕಡೆಗೆ ನೋಡುತ್ತಿದ್ದ. ಕೊನೆಗೆ ಡ್ರೀಮಾಳೇ ಸೋತಳು. "ಏಳು. ನಡಿಯೋರು ಕೊಳ್ಳೋ ಅಂಗಡೀಲೇ ಕೇಳೋಣ. ಇಲ್ಲದಿದ್ರೆ ನೀನು ಕಂಬ ಕಿತ್ತು ಮನೆ ಬೀಳಿಸ್ತೀಯ."

ದಾರಿ ಹಾದುಹೋಗುವ ಊರಿಗೆ ನಾವು ನಾಲ್ವರೂ ಹೋದೆವು. ಅಂಗಡಿಯಲ್ಲಿದ್ದವಳು ಮ್ಯಾರೆನ್ ಅನ್ನುವ ಹುಡುಗಿ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ದಾರಿ ನಡೆದವಳಂತೆ. ಬಾಚದ ಕೂದಲು, ಸವೆದ ಬೂಟು, ಆದರೆ ಮಾತು ಮೆತ್ತಗೆ.

"ಹೇಗೆ ಮಲಗ್ತೀರಿ ಸರ್? ಅಂಗಾತನಾ, ಮಗ್ಗುಲಾ?"

"ಮಲಗಲ್ಲ," ಅಂದ ವೆರ್ಲಿನ್.

ಹುಡುಗಿ ಡ್ರೀಮಾಳ ಮುಖ ನೋಡಿದಳು. ಡ್ರೀಮಾ ತನ್ನ ಎದೆ ಮುಟ್ಟಿ, "ಗಣಿ," ಅಂದಳು. ಅಷ್ಟೇ ಸಾಕಾಯಿತು, ಅವಳ ತಾತನೂ ಕುರ್ಚಿಯಲ್ಲೇ ಹೋದವನು.

ಅವಳು ತೊಲೆಗೆ ಕಟ್ಟಿದ್ದ ಮೂರು ಜೋಲಿಗಳನ್ನು ತೋರಿಸಿದಳು. ಒಂದು ನಾವು ವಾಪಸ್ಸು ಕೊಟ್ಟಂಥದೇ. "ಇದು ಕಾಲೇಜು ಹುಡುಗ್ರು ಮಧ್ಯಾಹ್ನ ಬಿದ್ಕೊಳ್ಳೋಕೆ. ರಾತ್ರಿಗೆ ಆಗಲ್ಲ." ಇನ್ನೊಂದಕ್ಕೆ ಸೊಳ್ಳೆಪರದೆ, ಜಿಪ್ಪು, ಜೇಬು, ಮೇಲೊಂದು ಹೊದಿಕೆ ಎಲ್ಲ ಇತ್ತು, ಬೆಲೆ ನೋಡಿ ಹಾರ್ಲಿಸ್ ಟೋಪಿ ತೆಗೆದು ನಮಸ್ಕಾರ ಮಾಡಿದ. "ಇದೂ ನಿಮಗೆ ಬೇಡ," ಅಂದಳು ಹುಡುಗಿ. "ಚಳಿ ಬಿದ್ದ ಮೇಲೆ ಸೊಳ್ಳೆ ಎಲ್ಲಿ? ಆ ದುಡ್ಡನ್ನ ಕೆಳಗಿನ ರಜಾಯಿಗೆ ಹಾಕಿ. ಜೋಲೀಲಿ ಚಳಿ ಬೆನ್ನಿಂದ ಬರೋದು. ಎಂಥಾ ಒಳ್ಳೇ ಮಲಗುಚೀಲ ಆದ್ರೂ ನಿಮ್ಮ ಭಾರಕ್ಕೆ ಅಡಿಯಲ್ಲಿ ಅಪ್ಪಚ್ಚಿ ಆಗತ್ತೆ. ಅದಕ್ಕೇ ರಜಾಯಿನ ಹೊರಗಡೆ, ಕೆಳಗೆ ತೂಗುಹಾಕೋದು."

"ರಜಾಯಿ ಹೊಲಿಯೋಕೆ ನಾನಿದೀನಿ," ಅಂದೆ. ಅಳತೆ ಹೇಳಿಕೊಟ್ಟಳು.

ಅವಳು ಆರಿಸಿದ್ದು ಮಧ್ಯದ್ದು. ಬೂದು ಬಣ್ಣ, ಏನೂ ಅಲಂಕಾರವಿಲ್ಲ, ಆದರೆ ಉದ್ದ. ಆಳಿಗಿಂತ ಇನ್ನೂ ಅರ್ಧ ಆಳು ಉದ್ದ. "ನೇರ ಮಲಗಬಾರದು. ಓರೆಯಾಗಿ ಮಲಗಿ. ತಲೆ ಒಂದು ಬದಿಗೆ, ಕಾಲು ಇನ್ನೊಂದು ಬದಿಗೆ. ಆಗ ಬೆನ್ನು ಬಾಗಲ್ಲ, ಎದೆ ಮಡಚಲ್ಲ. ತಲೆ ಕಡೆ ಪಟ್ಟಿ ಎರಡು ಗೇಣು ಮೇಲಕ್ಕೆ ಕಟ್ಟೋಣ ನಿಮಗೆ. ಬಿಗೀಬೇಡಿ. ನಗೋ ಬಾಯಿ ಥರ ಜೋತು ಬಿದ್ದಿರಬೇಕು."

ವೆರ್ಲಿನ್ ಬೂಟು ಕಳಚಿ ಹತ್ತಿದ. ಅವಳು ಹೇಳಿದ ಹಾಗೆ ಓರೆಯಾಗಿ ಕಾಲು ಚಾಚಿದ. ಎರಡು ಕೈಗಳಲ್ಲೂ ಬಟ್ಟೆಯ ಅಂಚು ಗಟ್ಟಿಯಾಗಿ ಹಿಡಿದುಕೊಂಡು ಕೆಮ್ಮು ಬರುವುದನ್ನು ಕಾದ. ಬರಲಿಲ್ಲ. ಹುಡುಗಿ ಪಟ್ಟಿಗಳ ವಿಷಯ ಹೇಳುತ್ತಲೇ ಇದ್ದಳು: ಅಗಲದ ಪಟ್ಟಿಯೇ ಇರಲಿ, ಹಗ್ಗವಾದರೆ ಮರದ ತೊಗಟೆ ಕೊಯ್ಯುತ್ತದೆ. ನೋಡಿದರೆ ಅವನ ಕೈ ಅಂಚು ಬಿಟ್ಟಿತ್ತು. ಬಾಯಿ ತೆರೆದಿತ್ತು. ನಿದ್ದೆ ಹೋಗಿದ್ದ.

ಯಾರೋ ಇಬ್ಬರು ಗಿರಾಕಿಗಳು ಜೋರಾಗಿ ಮಾತಾಡುತ್ತಾ ಒಳಗೆ ಬಂದರು. ಡ್ರೀಮಾ ಕೈ ಅಡ್ಡ ಹಿಡಿದು ನಿಂತಳು. ಅವಳ ಮುಖ ನೋಡಿ ಅವರು ಸದ್ದಿಲ್ಲದೆ ಹಿಂದಕ್ಕೆ ಹೋದರು. ನಾವು ಮೂವರೂ, ಆ ಹುಡುಗಿಯೂ, ಬೂಟಿನ ಕಪಾಟಿನ ಪಕ್ಕ ನಿಂತು ಒಬ್ಬ ಗಂಡಸು ಮಲಗಿ ಉಸಿರಾಡುವುದನ್ನು ನೋಡಿದೆವು.

"ಬೆಲೆ ಹೇಳ್ಬೇಡಮ್ಮಾ," ಅಂತ ಪಿಸುಗುಟ್ಟಿದ ಹಾರ್ಲಿಸ್. "ಎದ್ದುಬಿಡ್ತಾನೆ."

ಇಬ್ಬರೂ ಒಂದೊಂದು ಕೊಂಡರು. ಹೊರಡುವಾಗ ಹುಡುಗಿ ಬಾಗಿಲವರೆಗೆ ಬಂದಳು. "ಒಂದು ಮಾತು ಸರ್. ಬದುಕಿರೋ ಮರಕ್ಕೇ ಕಟ್ಟಿ. ಕಟ್ಟೋಕೆ ಮುಂಚೆ ಮೇಲೆ ನೋಡಿ. ನೀವು ಹೋಗೋ ಹೊತ್ತಿಗೆ ಎಲೆ ಉದುರಿರತ್ತೆ, ಯಾವುದು ಸತ್ತಿದೆ ಅಂತ ತಿಳಿಯಲ್ಲ. ಈಗೀಗ ಹುಳ ಬಿದ್ದು ಎಷ್ಟೋ ಮರ ನಿಂತಲ್ಲೇ ಸತ್ತಿವೆ."

"ಮೇಲೆ ನೋಡೋದೇ ನನ್ನ ಕಸುಬಾಗಿತ್ತು ಮಗಳೇ," ಅಂದ ವೆರ್ಲಿನ್. ಎಲ್ಲರೂ ನಕ್ಕೆವು. ಅವಳೂ ನಕ್ಕಳು.

ಅಕ್ಟೋಬರಿನ ಕೊನೆಯಲ್ಲಿ, ಗಾಳಿಯ ತೇವ ಇಳಿದು ಉಸಿರಾಟ ಸ್ವಲ್ಪ ಹಗುರಾದಾಗ, ಹೊರಟರು. ನಾನೂ ಡ್ರೀಮಾಳೂ ಕಣಿವೆಯ ಮೇಲೆ, ರಸ್ತೆ ಬೆಟ್ಟ ದಾಟುವ ಕಂಡಿಯವರೆಗೆ ಗಾಡಿಯಲ್ಲಿ ಬಿಟ್ಟೆವು. ಅಲ್ಲಿಂದ ದಾರಿ ಬೆಟ್ಟದ ಬೆನ್ನಿನ ಮೇಲೆ ಸಮತಟ್ಟಾಗಿ ಹೋಗುತ್ತದೆ. ಹಾರ್ಲಿಸ್‌ನ ಹೆಂಡತಿ ಓಪಲ್ ಕಟ್ಟಿಕೊಟ್ಟಿದ್ದ ಬಿಸ್ಕಿಟ್ಟು, ಹಂದಿಮಾಂಸ, ಕಾಫಿಪುಡಿ ಹಾರ್ಲಿಸ್‌ನ ಚೀಲದಲ್ಲಿದ್ದವು. ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಾ, ಒಬ್ಬರನ್ನೊಬ್ಬರು ಬೈಯುತ್ತಾ, ಇಬ್ಬರೂ ಮರಗಳ ನಡುವೆ ಮರೆಯಾದರು. ಮಾರನೆಯ ದಿನ ಮಧ್ಯಾಹ್ನ ಅಲ್ಲೇ ಬಂದು ಕರೆದುಕೊಂಡು ಹೋಗುವುದೆಂದು ಮಾತು.

ನಾವು ಹೋದಾಗ ಕಂಡಿಯಲ್ಲಿ ಪೊಲೀಸರ ಗಾಡಿ, ಆಂಬುಲೆನ್ಸು, ಅರಣ್ಯದವರ ಗಾಡಿ ನಿಂತಿದ್ದವು. ವೆರ್ಲಿನ್ ಆಂಬುಲೆನ್ಸಿನ ಹಿಂದಿನ ಮೆಟ್ಟಿಲ ಮೇಲೆ ಮೂಗಿಗೆ ಕೊಳವೆ ಹಾಕಿಸಿಕೊಂಡು ಕೂತಿದ್ದ. ಅಂಗಿಯ ಮುಂಭಾಗದಲ್ಲಿ ಅವನು ಕೆಮ್ಮಿದ ರಕ್ತ. ಎರಡು ಕೈಗಳ ಉಗುರುಗಳೂ ಕಿತ್ತುಹೋಗಿದ್ದವು. ಡ್ರೀಮಾ "ಹಾರ್ಲಿಸ್ ಎಲ್ಲಿ?" ಅಂದಳು. ಅವನು ಅವಳನ್ನು ಗುರುತೇ ಇಲ್ಲದವನ ಹಾಗೆ ನೋಡಿದ.

ಏನಾಯಿತೆಂದು ಅವನು ಹೇಳಿದ್ದು ಒಂದೇ ಸಲ, ನನ್ನ ಹತ್ತಿರ, ನವೆಂಬರಿನಲ್ಲಿ. ಡ್ರೀಮಾ ಚರ್ಚಿಗೆ ಹೋಗಿದ್ದಳು. ನಾನು ಹುರುಳಿಕಾಯಿಯನ್ನು ಒಣಹಾಕಲು ದಾರಕ್ಕೆ ಪೋಣಿಸುತ್ತಾ ಕೂತಿದ್ದೆ. ಅವನು ಕುರ್ಚಿಯಲ್ಲಿದ್ದ, ಕೊಳವೆಯ ಯಂತ್ರ ಗುರ್ ಅನ್ನುತ್ತಿತ್ತು.

"ಮೇಲೆ ನೋಡ್ದೆ ಅಕ್ಕಾ. ಎಲ್ಲಾ ಬೋಳು. ಎಲೆ ಇಲ್ಲ, ಎಲ್ಲಾ ಒಂದೇ ಥರ. ಆಮೇಲೆ ಕೋಲು ತಗೊಂಡು ತಟ್ಟಿದೆ."

"ಮರಾನಾ?"

"ಒಂದೊಂದೂ ತಟ್ಟಿದೆ. ಗಣೀಲಿ ತಟ್ಟಿದ ಹಾಗೇ. ಒಂದು ದಬ್ ಅಂತು, ಬಿಟ್ಟೆ. ಇನ್ನೊಂದು ದಬ್ ಅಂತು. ಆಮೇಲೆ ಒಂದು ಸಿಕ್ತು, ಏನು ಚೆನ್ನಾಗಿ ನುಡೀತು ಅಕ್ಕಾ, ಗಂಟೆ ಹಂಗೆ. ಅದರಾಚೆ ಇನ್ನೊಂದು, ಅದೂ ಪರವಾಗಿಲ್ಲ. ಹಾರ್ಲಿಸ್, ನಿನ್ನ ಮೈ ದೊಡ್ಡದು, ಈ ಎರಡು ನಿನಗೆ ಅಂದೆ. ನಾನು ದಬ್ ಅನ್ನೋದಕ್ಕೇ ಕಟ್ಕೊಂಡೆ. ಇಷ್ಟು ಜನ ಗಂಡಸರಿಗೆ ಗಟ್ಟಿ ಜಾಗ ಕೊಟ್ಟು ನಾನು ಬಿರುಕಿನ ಕೆಳಗೆ ನಿಂತಿದೀನಿ, ಅಭ್ಯಾಸ."

ಅವನು ಮೂಗಿನ ಕೊಳವೆ ಸರಿಮಾಡಿಕೊಂಡ. ನಾನು ಕೆದಕಲಿಲ್ಲ. ಹೇಳುವವರು ಹೇಳಲಿ, ಕೇಳುವವರು ಅವಸರ ಮಾಡಬಾರದು.

"ಅರಣ್ಯದವನು ಹೇಳ್ದ, ಅದು ಆ್ಯಶ್ ಮರ ಅಂತ. ಹುಳ ಬಿದ್ದು ಸತ್ತು ವರ್ಷಗಳೇ ಆಗಿವೆ. ನಿಂತಲ್ಲೇ ಒಣಗಿತ್ತು, ಬೇರು ಪುಡಿ. ಬದುಕಿರೋ ಮರದೊಳಗೆ ನೀರು ಇರ್ತದಂತೆ ಅಕ್ಕಾ, ಅದು ದಬ್ ಅಂತಲೇ ಅನ್ನೋದು. ಒಣಗಿ ಸತ್ತಿದ್ದು ಮಾತ್ರ ಹಂಗೆ ನುಡಿಯೋದು."

ಇದನ್ನು ಹೇಳುವಾಗ ಅವನ ಧ್ವನಿ ಏರಲಿಲ್ಲ, ಇಳಿಯಲಿಲ್ಲ. ಬೇರೆ ಯಾರದೋ ಗಣಿಯ ಸುದ್ದಿ ಹೇಳುವ ಹಾಗೆ ಹೇಳಿದ.

ಮರ ಬಿದ್ದದ್ದು ಬೆಳಗ್ಗೆ, ಬಿಸಿಲು ಬಂದ ಮೇಲೆ. ಗಾಳಿಯೇ ಇರಲಿಲ್ಲ. ವೆರ್ಲಿನ್ ರಾತ್ರಿಯಿಡೀ ಒಂದು ಸಲವೂ ಏಳದೆ ಮಲಗಿದ್ದ. ಎದ್ದು, ಎಲ್ಲಿದ್ದೇನೆ ಅನ್ನುವುದೇ ಕ್ಷಣ ತಿಳಿಯದೆ, ಬೋಳು ಕೊಂಬೆಗಳ ನಡುವೆ ಕಂಡ ಆಕಾಶವನ್ನು ನೋಡುತ್ತಾ ಹಾಗೇ ಬಿದ್ದುಕೊಂಡಿದ್ದ. ಆಮೇಲೆ ಕೆಳಗಿಳಿದು ಸ್ಟೌ ಹಚ್ಚಿದ. ಹಾರ್ಲಿಸ್ ಕಣ್ಣು ಬಿಟ್ಟು, "ನೀರಿಡು, ನಾನು ಇನ್ನೊಂದು ಗಳಿಗೆ ಮಲಗ್ತೀನಿ," ಅಂದು ಆ ಕಡೆ ಮಗ್ಗುಲಾದ. ಅವನ ಭಾರ ಆಚೆ ವಾಲಿತು. ತಲೆಯ ಕಡೆಯ ಮರ ಬುಡದಲ್ಲೇ ಕಿತ್ತುಬಂದು ಜೋಲಿಯ ಉದ್ದಕ್ಕೂ ಬಿತ್ತು.

ವೆರ್ಲಿನ್ ಅದನ್ನು ಎತ್ತಲು ನೋಡಿದ. ಮೊದಲಿನ ವೆರ್ಲಿನ್ ಆಗಿದ್ದರೆ ಸನ್ನೆಗೋಲು ಹಾಕಿ ಎತ್ತುತ್ತಿದ್ದನೋ ಏನೋ. ಈಗ ಎರಡು ಸಲ ಹೆಗಲು ಕೊಟ್ಟರೆ ಕಣ್ಣು ಕತ್ತಲೆ. ಕೈಯಿಂದ ಕೆಳಗಿನ ಮಣ್ಣು ಕೆರೆದ. ಹಾರ್ಲಿಸ್ ಮಾತಾಡಲಿಲ್ಲ, ಸ್ವಲ್ಪ ಹೊತ್ತು ಉಸಿರಾಡಿದ, ಆಮೇಲೆ ಅದೂ ಇಲ್ಲ. ಫೋನಿಗೆ ಸಿಗ್ನಲ್ ಸಿಗುವ ಜಾಗಕ್ಕೆ ಇವನು ತೆವಳಿಕೊಂಡು ಹೋದ.

ಊರಿನಲ್ಲಿ ಯಾರೂ ಅವನನ್ನು ದೂರಲಿಲ್ಲ. ಗಣಿಯ ಊರು, ಮೇಲಿನಿಂದ ಏನಾದರೂ ಬಿದ್ದು ಸಾಯುವುದನ್ನು ಎಲ್ಲರೂ ಕಂಡವರೇ. ಹೆಣ ಹೊರುವವರಲ್ಲಿ ಇವನೂ ಒಬ್ಬನಾಗಲಿ ಅಂದರು. ಅವನಿಗೆ ಹೊರಲು ಉಸಿರಿರಲಿಲ್ಲ. ಪಕ್ಕದಲ್ಲಿ ಆಮ್ಲಜನಕದ ಸಿಲಿಂಡರು ಎಳೆದುಕೊಂಡು ನಡೆದ.

ಅವನ ಜೋಲಿಯನ್ನು ಅರಣ್ಯದವರು ಬಿಚ್ಚಿ, ನಾನು ಹೊಲಿದ ರಜಾಯಿಯ ಸಮೇತ ಮಡಚಿ ಕೊಟ್ಟಿದ್ದರು. ಡಿಸೆಂಬರಿನಲ್ಲಿ ಉಸಿರು ಇನ್ನೂ ಕುಗ್ಗಿತು. ಕುರ್ಚಿಯಲ್ಲೂ ತೂಕಡಿಸಲಾರ, ತಲೆ ಮುಂದಕ್ಕೆ ಬೀಳುತ್ತಿತ್ತು, ಬಿದ್ದೊಡನೆ ಎಚ್ಚರ. ಡ್ರೀಮಾ ಬಡಗಿಯನ್ನು ಕರೆಸಿ ಮುಂದಿನ ಕೋಣೆಯ ತೊಲೆಗಳಿಗೆ ಕೊಕ್ಕೆ ಹಾಕಿಸಿ, ಆ ಹುಡುಗಿ ತೋರಿಸಿದ್ದಂತೆಯೇ ಜೋಲಿ ಕಟ್ಟಿದಳು.

"ಇದು ಮರ ಅಲ್ಲ. ಓಕ್ ತೊಲೆ, ನಿಮ್ಮ ತಾತ ಹಾಕಿದ್ದು. ಬಾ ಮಲಗು."

"ಬೇಡ."

"ಅಂಗಡೀಲಿ ಮಗು ಹಂಗೆ ಮಲಗಿದ್ಯಲ್ಲೋ!"

"ಬೇಡ ಅಂದ್ನಲ್ಲ ಡ್ರೀಮಾ."

ಬೇಡಿಕೊಂಡಳು, ಬೈದಳು, ಪಾದ್ರಿಯ ಕೈಲಿ ಹೇಳಿಸಿದಳು. ಒಂದು ಮಧ್ಯಾಹ್ನ ನಾನು ಸಾರು ತೆಗೆದುಕೊಂಡು ಹೋದಾಗ ಡ್ರೀಮಾಳೇ ಆ ಜೋಲಿಯಲ್ಲಿ ನಿದ್ದೆ ಹೋಗಿದ್ದಳು. ವರ್ಷಗಟ್ಟಲೆ ಅವನ ಉಸಿರಿನ ಸದ್ದಿಗೆ ಕಿವಿಗೊಟ್ಟು ಸೋಫಾದ ಮೇಲೆ ಮುದುಡಿ ಮಲಗಿದವಳು ಅವಳು. ವೆರ್ಲಿನ್ ಕುರ್ಚಿಯಲ್ಲಿ ಎಚ್ಚರವಾಗಿದ್ದ. ಕೈ ಚಾಚಿ ಜೋಲಿಯ ಅಂಚನ್ನು ಹಿಡಿದು ಮೆಲ್ಲಗೆ ತೂಗುತ್ತಿದ್ದ. ನನ್ನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟ.

ಹಿಮ ಬಿದ್ದ ಮೇಲೆ ಓಪಲ್ ಬಂದಳು. ಗಂಡ ಸತ್ತ ಮೇಲೆ ಅವಳು ಈ ಮನೆಗೆ ಕಾಲಿಟ್ಟಿರಲಿಲ್ಲ. ಕೈಯಲ್ಲಿ ಏನೂ ತಂದಿರಲಿಲ್ಲ, ಕೋಟು ಬಿಚ್ಚಲಿಲ್ಲ, ಕೂರಲಿಲ್ಲ.

"ಕ್ಷಮಿಸ್ದೆ ಅಂತ ಹೇಳೋಕೆ ಬಂದಿಲ್ಲ ವೆರ್ಲಿನ್. ಆ ಮಾತು ಇನ್ನೂ ನನ್ನ ಬಾಯಿಗೆ ಬಂದಿಲ್ಲ. ಒಂದು ಕೇಳ್ಬೇಕು."

"ಕೇಳು."

"ಅವನು ಮಲಗಿದ್ನಾ?"

"ಮಲಗಿದ್ದ."

"ಚೆನ್ನಾಗಿ? ಸುಳ್ಳು ಹೇಳ್ಬೇಡ."

"ಕತ್ತಲಾಗ್ತಿದ್ದ ಹಾಗೇ ಮಲಗ್ದ. ಬೆಟ್ಟ ನಡುಗೋ ಹಂಗೆ ಗೊರಕೆ ಹೊಡೀತಿದ್ದ."

ಓಪಲ್‌ಗೆ ನಗು ಬಂತೋ ಅಳು ಬಂತೋ, ಮುಖ ಗೋಡೆಗೆ ತಿರುಗಿಸಿ ನಿಂತಳು. ಆಮೇಲೆ ಕಣ್ಣೊರೆಸಿಕೊಂಡು ಜೋಲಿಯ ಕಡೆ ಕೈ ತೋರಿದಳು. "ಹಾಗಾದ್ರೆ ನೀನೂ ಮಲಗು. ನಿನಗೋಸ್ಕರ ಹೇಳ್ತಿಲ್ಲ. ಡ್ರೀಮಾನ್ನ ನೋಡು, ಹೆಣದ ಬಣ್ಣ ಬಂದೈತೆ. ನೀನು ಕೂತಿದ್ರೆ ಹಾರ್ಲಿಸ್ ಎದ್ದು ಬರ್ತಾನಾ?"

"ಬರಲ್ಲ."

"ಮತ್ತೆ?"

ವೆರ್ಲಿನ್ ಉಸಿರು ಕೂಡಿಸಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. "ಅದರಲ್ಲಿ ಮಲಗಿದ್ರೆ ನಿದ್ದೆ ಬರ್ತದೆ ಓಪಲ್. ಅದೇ ನನಗಾಗದು. ಆವತ್ತು ನಿದ್ದೆ ಚೆನ್ನಾಗಿ ಬಂದಿತ್ತು. ಬರದೇ ಇದ್ದಿದ್ರೆ, ಮರ ಕಿರುಗುಟ್ಟೋದಾದ್ರೂ ಕೇಳ್ತಿತ್ತು. ರಾತ್ರಿಯೆಲ್ಲಾ ಕಿರುಗುಟ್ಟಿರ್ತದೆ. ಸೂರು ಬೀಳೋಕೆ ಮುಂಚೆ ಮಾತಾಡೇ ಆಡ್ತದೆ."

ಓಪಲ್ ಅವನನ್ನು ನೋಡುತ್ತಾ ನಿಂತಳು. "ಮೊಂಡ," ಅಂದಳು. "ಅವನೂ ನೀನೂ ಇಬ್ಬರೂ ಮೊಂಡರು." ಹೊರಟುಹೋದಳು. ಬಾಗಿಲು ಹಾಕುವಾಗ ಬಡಿಯಲಿಲ್ಲ. ಅದನ್ನು ನಾನು ಗಮನಿಸಿದೆ.

ಮಾರ್ಚಿನಲ್ಲಿ ಅವನು ಹೋದ, ಕುರ್ಚಿಯಲ್ಲೇ. ಬೆಳಗ್ಗೆ ಡ್ರೀಮಾ ಕಾಫಿ ತಂದಾಗ ಯಂತ್ರ ಗುರ್ ಅನ್ನುತ್ತಲೇ ಇತ್ತು, ಅವನಿರಲಿಲ್ಲ. ಗದ್ದ ಎದೆಯ ಮೇಲೆ ಬಿದ್ದಿತ್ತು.

ಹೆಣ ಸಿಂಗರಿಸಿ ಪೆಟ್ಟಿಗೆಯಲ್ಲಿಡುವವರ ಮನೆಯಲ್ಲಿ ಎಲ್ಲ ಮುಗಿಸಿ ನಮ್ಮನ್ನು ಒಳಗೆ ಕರೆದರು. ಕಪ್ಪು ಕೋಟು, ಬಾಚಿದ ತಲೆ, ಎದೆಯ ಮೇಲೆ ಜೋಡಿಸಿದ ಕೈ. ಉಗುರುಗಳು ಮತ್ತೆ ಬಂದಿದ್ದವು. ಅಂಗಾತ, ನೇರ, ಚಪ್ಪಟೆಯಾಗಿ ಮಲಗಿಸಿದ್ದರು. ಡ್ರೀಮಾ ಒಂದು ಹೆಜ್ಜೆ ಮುಂದಿಟ್ಟವಳು ಅಲ್ಲೇ ನಿಂತುಬಿಟ್ಟಳು.

"ಹೀಗೆ ಮಲಗಿಸ್ಬೇಡಿ," ಅಂದಳು.

ಅಲ್ಲಿನ ಯಜಮಾನ ಹತ್ತಿರ ಬಂದ. "ಏನಮ್ಮಾ?"

"ಚಪ್ಪಟೆ ಮಲಗಿಸ್ಬೇಡಿ. ಉಸಿರು ಕಟ್ತದೆ ಅವನಿಗೆ."

ಆ ಮನುಷ್ಯನಿಗೆ ನಮ್ಮ ಕಣಿವೆಯ ಹೆಂಗಸರು ಹೊಸಬರಲ್ಲ. ಏನೂ ಕೇಳದೆ ಒಳಗೆ ಹೋಗಿ ಎರಡು ದಿಂಬು ತಂದ. ಒಂದನ್ನು ಹೆಗಲ ಕೆಳಗೆ, ಒಂದನ್ನು ತಲೆಯ ಕೆಳಗೆ ಇಟ್ಟು ಎತ್ತರಿಸಿದ. ಡ್ರೀಮಾ ಬಗ್ಗಿ ನೋಡಿದಳು, ಇನ್ನೂ ಸ್ವಲ್ಪ ಅಂದಳು. ಅವನು ಇನ್ನೊಂದು ತಂದ. ಮುಚ್ಚಳ ಮುಚ್ಚುವುದು ಕಷ್ಟವಾದೀತು ಅಂತ ಹಿಂದಿನಿಂದ ಯಾರೋ ಮೆಲ್ಲಗೆ ಅಂದರು. ಅವಳು ಕೇಳಿಸಿಕೊಳ್ಳಲಿಲ್ಲ. ಅವನ ಕೋಟಿನ ಮೇಲಿನ ಗುಂಡಿ ಬಿಚ್ಚಿ, ಕಾಲರು ಸಡಿಲಿಸಿ, ಹಿಂದೆ ಬಂದು ನನ್ನ ಪಕ್ಕ ನಿಂತಳು.